ಊರ ದನದ ಚರ್ಮ, ಉಣ್ಣಿಯ ಜೊಲ್ಲು: ಸೇಲಂ–ಧರ್ಮಪುರಿ ನಮಗೆ ಹೇಳುವ ಪಾಠ

ದೇಶದ 21ನೆಯ ಜಾನುವಾರು ಗಣತಿಗೆ 2024ರ ಅಕ್ಟೋಬರಿನಲ್ಲಿ ಚಾಲನೆ ದೊರೆಯಿತು. ಅದರ ಹಿಂದಿನ, ಅಂದರೆ 2019ರ ಗಣತಿ ಒಂದು ಸಂಗತಿಯನ್ನು ನಿಸ್ಸಂದೇಹವಾಗಿ ತೋರಿಸಿಕೊಟ್ಟಿತ್ತು. 2012ಕ್ಕೆ ಹೋಲಿಸಿದರೆ ದೇಶೀ ದನಗಳ ಸಂಖ್ಯೆ ಶೇಕಡಾ 6ರಷ್ಟು ಇಳಿದಿತ್ತು. ವಿದೇಶಿ ಮತ್ತು ಮಿಶ್ರತಳಿ ದನಗಳ ಸಂಖ್ಯೆ ಶೇಕಡಾ 25ಕ್ಕೂ ಮಿಕ್ಕಿ ಏರಿತ್ತು. ಈ ಅಂಕಿಗಳನ್ನು ಹಾಲಿನ ಲೆಕ್ಕದಲ್ಲಿ ಓದಿ ಸಂತೋಷಪಡುವುದು ರೂಢಿ. ಉಣ್ಣಿಯ ಲೆಕ್ಕದಲ್ಲಿ ಓದಿದವರು ಬಹಳ ಕಡಿಮೆ. ಹಾಗೆ ಓದಿದರೆ ಕಾಣುವ ಚಿತ್ರ ಬೇರೆ. ಹಾಲಿನ ಸೊಸೈಟಿಯಿಂದ ಬರುವ ಹಣದ ಒಂದು ಪಾಲು ಉಣ್ಣಿಯ ಔಷಧಿಗೆ, ಉಣ್ಣಿ ತಂದ ಜ್ವರದ ಚುಚ್ಚುಮದ್ದಿಗೆ, ಸತ್ತ ಕರುವಿನ ನಷ್ಟಕ್ಕೆ ಹೋಗುತ್ತದೆ. ಒಂದೆರಡು ದನ ಕಟ್ಟಿ ಸಂಸಾರ ತೂಗಿಸುವ ಮನೆಗೆ ಇದು ಸಣ್ಣ ಮಾತಲ್ಲ.

ಈ ಪ್ರಶ್ನೆಯನ್ನು ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಉದಾಹರಣೆಯಿಂದ ಪರಿಶೀಲಿಸುವುದು ಯೋಗ್ಯ. ಅಲ್ಲಿ ಹೆಸರುವಾಸಿಯಾದ ನಾಟಿ ತಳಿಗಳಿವೆ, ಅವು ಕ್ಷೀಣಿಸುತ್ತಿವೆ. ಅಲ್ಲಿನ ದನಗಾಹಿಗಳಲ್ಲಿ ಕನ್ನಡ ಮನೆಮಾತಿನವರು ಬಹಳ ಮಂದಿ ಇದ್ದಾರೆ.

ನಮ್ಮಂತೆಯೇ ಅವರು

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಕಾಸರಗೋಡು, ಸೇಲಂ ಎರಡೂ ಒಂದೇ ಮದರಾಸಿನ ಆಡಳಿತದಲ್ಲಿದ್ದವು. ಆ ದಿನ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. ಕೊಯಮತ್ತೂರಿನಿಂದ ಕೊಳ್ಳೇಗಾಲ ಮೈಸೂರಿಗೆ ಬಂತು. ಸೇಲಂ ಜಿಲ್ಲೆಯ ಹೊಸೂರು ಸೀಮೆ ಮದರಾಸಿನಲ್ಲೇ ಉಳಿಯಿತು. ಮುಂದೆ 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಧರ್ಮಪುರಿ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. ಹೊಸೂರು, ಡೆಂಕಣಿಕೋಟೆಗಳ ಕನ್ನಡಿಗರು ಹೀಗೆ ಮನೆ ಬದಲಿಸದೆ ಮೂರು ಜಿಲ್ಲೆಗಳ ಹೆಸರು ಕಂಡವರು. ಗಡಿಗೆರೆ ಎಳೆದವರ ಗಮನಕ್ಕೆ ಬಾರದೆ ಹೋದ ಜನರ ಪಾಡು ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಈ ಸೀಮೆಯ ದನಗಳ ಖ್ಯಾತಿ ಹಳೆಯದು. ಈಸ್ಟ್ ಇಂಡಿಯಾ ಕಂಪೆನಿಯವರು 1824ರಲ್ಲೇ ಹೊಸೂರಿನ ಮತ್ತಿಗಿರಿಯಲ್ಲಿ ಜಾನುವಾರು ಕ್ಷೇತ್ರವನ್ನು ತೆರೆದರು. ಅದು ಇಂದಿಗೂ ಸರಕಾರಿ ಕ್ಷೇತ್ರವಾಗಿ ಉಳಿದಿದೆ. ಕಾವೇರಿ ದಂಡೆಯ ಆಲಂಬಾಡಿಯ ಹೆಸರು ಹೊತ್ತ ಬೂದುಬಣ್ಣದ ದನ ಧರ್ಮಪುರಿಯ ಒಣನೆಲದಲ್ಲಿ ಉಳುವುದಕ್ಕೂ ಗಾಡಿಗೂ ಒದಗಿದ್ದು. ಹೊಸೂರು ಕಡೆ ಹಳ್ಳಿಕಾರ ಎತ್ತುಗಳು. ಪಕ್ಕದ ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯ ಬರಗೂರು ದನ. ಅದನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರಲ್ಲಿ ಕನ್ನಡ ಮಾತನಾಡುವ ಲಿಂಗಾಯತರು ಮುಖ್ಯರು. ಈ ಮೂರೂ ಡುಬ್ಬವುಳ್ಳ ಜಾತಿಯವು. ಹಾಲು ಕಡಿಮೆ, ದುಡಿಮೆ ಹೆಚ್ಚು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಬೇಡಿಕೆ ಕುಸಿಯಿತು. ಹಾಲಿನ ಬೇಡಿಕೆ ಏರಿತು. ಜರ್ಸಿ, ಹಾಲ್‌ಸ್ಟೀನ್ ರಕ್ತದ ಮಿಶ್ರತಳಿ ಮನೆಮನೆಗೆ ಬಂತು. ರೈತ ಮಾಡಿದ್ದು ತಪ್ಪೆಂದು ಹೇಳುವಂತಿಲ್ಲ. ಹಸಿದ ಮನೆಗೆ ಹಾಲಿನ ದುಡ್ಡು ಬೇಕಾಗಿತ್ತು. ಆದರೆ ಆ ವ್ಯಾಪಾರದಲ್ಲಿ ಕೈಬಿಟ್ಟುಹೋದ ವಸ್ತು ಯಾವುದು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಕಚ್ಚಿದಾಗ ಆಗುವುದೇನು?

ಸೊಳ್ಳೆ ಕಚ್ಚಿ ಕ್ಷಣದಲ್ಲಿ ಹಾರಿಹೋಗುತ್ತದೆ. ಉಣ್ಣಿ ಹಾಗಲ್ಲ, ದಿನಗಟ್ಟಲೆ ಕಚ್ಚಿಕೊಂಡೇ ಇರುತ್ತದೆ. ನಮ್ಮ ಹಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ, ವಿಜ್ಞಾನಿಗಳು ರೈಪಿಸೆಫಾಲಸ್ ಮೈಕ್ರೋಪ್ಲಸ್ ಎಂದು ಕರೆಯುವ ದನದ ಉಣ್ಣಿ ಮರಿಯಾಗಿ ಹತ್ತಿ, ಒಂದೇ ದನದ ಮೈಮೇಲೆ ಸುಮಾರು ಮೂರು ವಾರ ಕಳೆದು, ರಕ್ತ ಕುಡಿದು ದ್ರಾಕ್ಷಿಯಂತೆ ಊದಿ ಕೆಳಗೆ ಬೀಳುತ್ತದೆ. ಬಿದ್ದ ಒಂದು ಹೆಣ್ಣು ಎರಡು ಮೂರು ಸಾವಿರ ಮೊಟ್ಟೆಗಳನ್ನಿಡುತ್ತದೆ.

ಇಷ್ಟು ದಿನ ಮೈಗೆ ಅಂಟಿಕೊಂಡಿದ್ದರೂ ಶರೀರ ಅದನ್ನು ಹೊರದೂಡುವುದಿಲ್ಲವೇಕೆ? ಉತ್ತರ ಅದರ ಜೊಲ್ಲಿನಲ್ಲಿದೆ. ಉಣ್ಣಿ ಮೊದಲು ಚರ್ಮವನ್ನು ಸೀಳಿ ಮುಳ್ಳುಮುಳ್ಳಾದ ಕೊಂಡಿಯನ್ನು ಒಳಗಿಳಿಸುತ್ತದೆ. ಬಹಳ ಜಾತಿಗಳು ಅಂಟಿನಂಥ ದ್ರವ ಸುರಿಸಿ ಅದನ್ನು ಭದ್ರಪಡಿಸುತ್ತವೆ. ಅನಂತರ ರಕ್ತ ಕುಡಿಯುವುದೂ ಜೊಲ್ಲು ಬಿಡುವುದೂ ಸರದಿಯ ಮೇಲೆ ನಡೆಯುತ್ತದೆ. ಆ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ. ನೋವು, ತುರಿಕೆ ತಿಳಿಯದಂತೆ ಮಾಡುವ ವಸ್ತುವಿದೆ. ಗಾಯದ ಕಡೆಗೆ ಬಿಳಿ ರಕ್ತಕಣಗಳನ್ನು ಕರೆಯುವ ಸಂಕೇತವನ್ನೇ ಹಿಡಿದು ನುಂಗುವ ವಸ್ತುವೂ ಇದೆ. ಕಳ್ಳ ಮನೆಗೆ ನುಗ್ಗುವ ಮೊದಲು ನಾಯಿಗೆ ಮದ್ದು ಹಾಕಿದಂತೆ ಇದು.

ಶರೀರವೂ ಸುಮ್ಮನಿರುವುದಿಲ್ಲ. ಚರ್ಮದಲ್ಲಿ ಕಾವಲಿರುವ ಕೆಲವು ಕಣಗಳು ಜೊಲ್ಲಿನ ಅಂಶವನ್ನು ಹಿಡಿದು ಹತ್ತಿರದ ಹಾಲುರಸದ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಗುರುತು ಹಿಡಿಯುವ ಕೆಲಸ ನಡೆದು, ಆ ಜೊಲ್ಲಿಗೆಂದೇ ಪ್ರತಿಕಾಯಗಳು ಸಿದ್ಧವಾಗುತ್ತವೆ. ಈ ತಯಾರಿಗೆ ದಿನಗಳು ಬೇಕು. ಮೊದಲ ಸಲ ಕಚ್ಚಿದ ಉಣ್ಣಿ ಅಷ್ಟರೊಳಗೆ ತನ್ನ ಕೆಲಸ ಮುಗಿಸಿಕೊಂಡಿರುತ್ತದೆ.

ಎರಡನೆಯ ಸಲದ ಕಥೆ

ಎರಡನೆಯ ಸಲ ಕಚ್ಚಿದಾಗ ಸಂಗತಿ ಬದಲಾಗುತ್ತದೆ. 1939ರಲ್ಲಿ ವಿಲಿಯಂ ಟ್ರೇಗರ್ ಎಂಬ ಅಮೆರಿಕದ ವಿಜ್ಞಾನಿ ಗಿನಿಯಿಲಿಗಳ ಮೇಲೆ ಉಣ್ಣಿಮರಿ ಬಿಟ್ಟು ನೋಡಿದರು. ಮೊದಲ ಸಲ ಹೊಟ್ಟೆ ತುಂಬ ಕುಡಿದು ಬಿದ್ದ ಉಣ್ಣಿಗಳು, ಅದೇ ಪ್ರಾಣಿಯ ಮೇಲೆ ಮತ್ತೆ ಬಿಟ್ಟಾಗ ಬಹುಪಾಲು ಕುಡಿಯಲಾರದೆ ಸೋತವು. ಉಣ್ಣಿಯ ಕಡಿತವೇ ಪ್ರಾಣಿಗೆ ಲಸಿಕೆಯಂತೆ ಒದಗಿತ್ತು. ಇದು ಹೇಗಾಗುತ್ತದೆಂದು ಮುಂದಿನವರು ಹುಡುಕಿದರು. 1973ರಲ್ಲಿ ಅಲೆನ್ ಎಂಬವರು, ಉಣ್ಣಿಗೆ ಒಗ್ಗಿದ ಗಿನಿಯಿಲಿಯ ಚರ್ಮದಲ್ಲಿ ಕಚ್ಚಿದ ಜಾಗಕ್ಕೆ ಬೇಸೋಫಿಲ್ ಎಂಬ ಅಪರೂಪದ ಬಿಳಿ ರಕ್ತಕಣಗಳು ಗುಂಪುಗೂಡಿ ಬರುವುದನ್ನು ತೋರಿಸಿದರು. ಈ ಕಣಗಳನ್ನು ನಾಶಪಡಿಸಿದರೆ ಪ್ರಾಣಿಯ ತಡೆಶಕ್ತಿಯೂ ಹೋಗುತ್ತದೆ ಎಂಬುದು ಆಮೇಲಿನ ಪ್ರಯೋಗಗಳಿಂದ ಖಚಿತವಾಯಿತು.

ಬೇಸೋಫಿಲ್ ಕಣ ಒಡೆದಾಗ ಹಿಸ್ಟಮೀನ್ ಹೊರಬರುತ್ತದೆ. ಜಾಗ ಕೆಂಪೇರಿ ತುರಿಸುತ್ತದೆ. ದನ ನಾಲಿಗೆಯಿಂದ ನೆಕ್ಕುತ್ತದೆ, ಮರಕ್ಕೆ ಮೈ ಉಜ್ಜುತ್ತದೆ. ಇನ್ನೂ ಬೇರೂರದ ಮರಿ ಉಣ್ಣಿಗಳು ಉದುರುತ್ತವೆ. ನೆಕ್ಕದಂತೆ ಕೊರಳಿಗೆ ತಡೆ ಕಟ್ಟಿದ ದನಗಳ ಮೈಮೇಲೆ ಉಣ್ಣಿ ಹೆಚ್ಚಾದುದನ್ನು ಆಸ್ಟ್ರೇಲಿಯಾದಲ್ಲಿ 1950ರ ದಶಕದಲ್ಲೇ ಕಂಡುಕೊಂಡಿದ್ದರು. ಆದುದರಿಂದ ದನ ಮೈ ನೆಕ್ಕಿಕೊಳ್ಳುವುದನ್ನು ಬರೀ ಅಭ್ಯಾಸವೆಂದು ತಿಳಿಯತಕ್ಕದ್ದಲ್ಲ. ಅದು ರಕ್ಷಣೆಯ ಒಂದು ಅಂಗ. ಮೋಟು ಹಗ್ಗದಲ್ಲಿ ಇಡೀ ದಿನ ಕಟ್ಟಿಹಾಕಿದ ದನಕ್ಕೆ ಆ ಅಂಗವೇ ಇಲ್ಲ.

ಎಲ್ಲ ಪ್ರಾಣಿಗಳೂ ಹೀಗೆ ಕಲಿಯುತ್ತವೆಯೇ ಎಂದರೆ, ಇಲ್ಲ. ಕಾಡಿನ ಕೆಲವು ಇಲಿಗಳು ತಮ್ಮ ಕಡೆಯ ಉಣ್ಣಿಗಳಿಂದ ಎಷ್ಟು ಸಲ ಕಚ್ಚಿಸಿಕೊಂಡರೂ ಅವನ್ನು ತಡೆಯಲಾರವು. ಅಲ್ಲಿ ಉಣ್ಣಿಯ ಜೊಲ್ಲಿನ ಕೈ ಮೇಲಾಗಿದೆ. ಡುಬ್ಬದ ದನದಲ್ಲಿ ಮಾತ್ರ ದನದ ಕೈ ಮೇಲಾಗಿದೆ.

ತಳಿಗೂ ತಳಿಗೂ ಇರುವ ವ್ಯತ್ಯಾಸ

ಒಂದೇ ಹುಲ್ಲುಗಾವಲಿನಲ್ಲಿ ಬಿಟ್ಟರೂ ಯುರೋಪಿನ ತಳಿಯ ಮೈಮೇಲೆ ಬಲಿಯುವ ಉಣ್ಣಿಗಳಿಗೆ ಹೋಲಿಸಿದರೆ ಡುಬ್ಬದ ದನದ ಮೇಲೆ ಬಲಿಯುವವು ಬಹಳ ಕಡಿಮೆ. ಹತ್ತುವ ಮರಿಗಳು ಎರಡರ ಮೇಲೂ ಹತ್ತುತ್ತವೆ. ಆದರೆ ಡುಬ್ಬದ ದನದಲ್ಲಿ ಚರ್ಮದ ಪ್ರತಿಕ್ರಿಯೆ ಚುರುಕಾಗಿರುವುದರಿಂದ ಹೆಚ್ಚಿನವು ಮೊದಲ ದಿನಗಳಲ್ಲೇ ಸಾಯುತ್ತವೆ. ಮಿಶ್ರತಳಿಯಲ್ಲಿ ವಿದೇಶಿ ರಕ್ತದ ಪಾಲು ಏರಿದಂತೆ ಈ ಶಕ್ತಿ ಇಳಿಯುತ್ತದೆ.

ಇದನ್ನು ನಮಗಿಂತ ಮೊದಲು ಅರಿತು ಉಪಯೋಗಿಸಿಕೊಂಡವರು ಆಸ್ಟ್ರೇಲಿಯಾದವರೆಂಬುದು ವಿಚಾರಮಾಡತಕ್ಕ ಸಂಗತಿ. 1872ರಲ್ಲಿ ಹಡಗಿನಲ್ಲಿ ಬಂದ ದನಗಳೊಡನೆ ಈ ಉಣ್ಣಿ ಆ ದೇಶಕ್ಕೆ ಕಾಲಿಟ್ಟು, ಅಲ್ಲಿದ್ದ ಯುರೋಪಿನ ತಳಿಗಳನ್ನು ಹಣ್ಣುಮಾಡಿತು. ಅವರು ಪಾಕಿಸ್ತಾನದಿಂದ ಸಾಹಿವಾಲ್ ದನಗಳನ್ನು ತರಿಸಿ ಫ್ರೀಜಿಯನ್ ಜತೆ ಕೂಡಿಸಿದರು. ಮುಂದೆ ತಳಿಗೆ ಉಳಿಸಿಕೊಳ್ಳುವ ದನವನ್ನು ಆರಿಸಲು ಎರಡು ಲೆಕ್ಕ ಇಟ್ಟರು: ಒಂದು ಹಾಲಿನದು, ಇನ್ನೊಂದು ಉಣ್ಣಿಯದು. ದನದ ಒಂದು ಮಗ್ಗುಲಲ್ಲಿ ನಾಲ್ಕೂವರೆ ಮಿಲ್ಲಿಮೀಟರ್ ಬೆಳೆದ ಉಣ್ಣಿಗಳೆಷ್ಟು ಎಂದು ಎಣಿಸುವುದೇ ಅವರ ಪರೀಕ್ಷೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಕಣ್ಣು ಮತ್ತು ಒಂದು ಪುಸ್ತಕ ಸಾಕು. ಉಣ್ಣಿ ತಡೆಯುವ ಗುಣ ತಾಯಿತಂದೆಯಿಂದ ಕರುವಿಗೆ ಇಳಿಯುತ್ತದೆ ಎಂಬುದು ಈ ಕೆಲಸದಿಂದ ದೃಢವಾಯಿತು. ನಮ್ಮಲ್ಲಿ ಹೋರಿಯ ವೀರ್ಯದ ಕಡ್ಡಿಯ ಹಿಂದೆ ತಾಯಿದನದ ಹಾಲಿನ ಲೆಕ್ಕ ಇರುತ್ತದೆ; ಉಣ್ಣಿಯ ಲೆಕ್ಕ ಕೇಳುವವರಾರು?

ಉಣ್ಣಿ ತರುವ ಜ್ವರಗಳು

ರಕ್ತ ಹೀರುವುದಷ್ಟೇ ಆಗಿದ್ದರೆ ನಷ್ಟ ಸಹಿಸಬಹುದಿತ್ತು. ಜೊಲ್ಲು ಕಾವಲನ್ನು ಮಲಗಿಸಿದ ಸಮಯ ನೋಡಿ ರೋಗಾಣುಗಳು ಒಳನುಗ್ಗುತ್ತವೆ. ದನದ ಮೂತ್ರ ಕೆಂಪಾಗುವ ಬೆಬೀಸಿಯಾ ಜ್ವರ, ರಕ್ತ ಒಡೆಯುವ ಅನಾಪ್ಲಾಸ್ಮಾ, ಕೊರಳಿನ ಗ್ರಂಥಿ ಊದುವ ಥೈಲೇರಿಯಾ ಇವು ಮುಖ್ಯ. ಥೈಲೇರಿಯಾದ ಕುಟಿಲತೆ ವಿಶೇಷವಾದುದು. ಅದು ಬಿಳಿ ರಕ್ತಕಣದ ಒಳಗೇ ಸೇರಿ, ಆ ಕಣವನ್ನು ಲಂಗುಲಗಾಮಿಲ್ಲದೆ ಹೆಚ್ಚುವಂತೆ ಮಾಡಿ, ಅದರೊಡನೆ ತಾನೂ ಹೆಚ್ಚುತ್ತದೆ. ಕಾವಲಿಗಿದ್ದವನ ಮನೆಯಲ್ಲೇ ಕಳ್ಳ ಬಿಡಾರ ಹೂಡಿದಂತೆ! ನಾಟಿ ದನ ಈ ಜ್ವರವನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಮಿಶ್ರತಳಿಯ ಕರುಗಳು ಸಾಯುತ್ತವೆ. ಇದಕ್ಕೆ ರಕ್ಷಾವ್ಯಾಕ್–ಟಿ ಎಂಬ ಲಸಿಕೆ ಭಾರತದಲ್ಲೇ ತಯಾರಾಗಿದೆ. ರೋಗ ಬಂದ ಮೇಲೆ ಬುಪರ್ವಕೋನ್ ಎಂಬ ಚುಚ್ಚುಮದ್ದೂ ಉಂಟು. ಆದರೆ ಅದರ ಬೆಲೆ ಬಡವನಿಗೆ ಭಾರ, ತಡವಾದರೆ ಪ್ರಯೋಜನವೂ ಇಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಬೆಬೀಸಿಯಾ ಎಳೆಗರುವಿಗೆ ತಗಲಿದರೆ ಬಹುತೇಕ ಲಘುವಾಗಿ ಹೋಗಿ ಮುಂದಕ್ಕೆ ರಕ್ಷಣೆ ಕೊಡುತ್ತದೆ. ದೊಡ್ಡ ದನಕ್ಕೆ ಮೊದಲ ಸಲ ತಗಲಿದರೆ ಪ್ರಾಣಕ್ಕೇ ಕುತ್ತು. ಸ್ವಲ್ಪ ಉಣ್ಣಿಯ ನಡುವೆ ಬೆಳೆದ ಕರು ಗಟ್ಟಿಯಾಗುತ್ತದೆ. ಉಣ್ಣಿಯೇ ಕಾಣದ ದೊಡ್ಡ ಫಾರಮಿನಿಂದ ತಂದ ಹಾಲಿನ ಹಸು ನಮ್ಮ ಹಟ್ಟಿಗೆ ಬಂದ ಒಂದೆರಡು ತಿಂಗಳಲ್ಲಿ ಜ್ವರದಿಂದ ಮಲಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಸಾಲ ಮಾಡಿ ಹೊರಗಿನಿಂದ ದನ ತರುವವರು ಇದನ್ನು ತಿಳಿದಿರಬೇಕು.

ಔಷಧಿ ಸೋಲುತ್ತಿದೆ, ಲಸಿಕೆ ಬಂದಿಲ್ಲ

ಉಣ್ಣಿಗೆ ಸಿಂಪಡಿಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳಿಗೆ ದೇಶದ ಹಲವೆಡೆ ಉಣ್ಣಿಗಳು ಬಗ್ಗದಾಗಿವೆ. ಅಳತೆಗಿಂತ ತೆಳುವಾಗಿ ಬೆರೆಸುವುದು, ಮೈಗೆ ಹೊಡೆದು ಹಟ್ಟಿಯ ಗೋಡೆಯ ಬಿರುಕನ್ನು ಬಿಡುವುದು, ಒಂದೇ ಔಷಧಿಯನ್ನು ವರ್ಷಗಟ್ಟಲೆ ಹೊಡೆಯುವುದು, ಇವೆಲ್ಲ ಅರೆಜೀವದಲ್ಲಿ ಉಳಿದ ಉಣ್ಣಿಯ ಸಂತತಿಯನ್ನು ಬಲಪಡಿಸುತ್ತವೆ. ಔಷಧಿಯ ಅಂಶ ಹಾಲಿಗೂ ಬರುತ್ತದೆ ಎಂಬುದನ್ನು ಮರೆಯಬಾರದು.

ಲಸಿಕೆಯ ಮಾರ್ಗ ಜಾಣತನದ್ದು. ಉಣ್ಣಿಯ ಕರುಳಿನ ಒಂದು ಪ್ರೋಟೀನನ್ನು ದನಕ್ಕೆ ಚುಚ್ಚಿದರೆ ದನದ ರಕ್ತದಲ್ಲಿ ಅದಕ್ಕೆ ಪ್ರತಿಕಾಯ ಹುಟ್ಟುತ್ತದೆ. ಆ ರಕ್ತ ಕುಡಿದ ಉಣ್ಣಿಯ ಕರುಳೇ ಕೆಡುತ್ತದೆ. ಈ ತತ್ತ್ವದ ಮೇಲೆ ಕ್ಯೂಬಾದಲ್ಲಿ ಗಾವಾಕ್, ಆಸ್ಟ್ರೇಲಿಯಾದಲ್ಲಿ ಟಿಕ್‌ಗಾರ್ಡ್ ಎಂಬ ಲಸಿಕೆಗಳು 1990ರ ದಶಕದ ಆರಂಭದಲ್ಲೇ ಮಾರುಕಟ್ಟೆಗೆ ಬಂದವು. ಅವು ಉಣ್ಣಿಯನ್ನು ಒಮ್ಮೆಗೇ ಕೊಲ್ಲುವುದಿಲ್ಲ, ಸಂತತಿಯನ್ನು ಕ್ರಮೇಣ ಕುಗ್ಗಿಸುತ್ತವೆ. ಒಂದೊಂದು ಸೀಮೆಯ ಉಣ್ಣಿಯ ಮೇಲೆ ಒಂದೊಂದು ಫಲ. 2021ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಜೊಲ್ಲಿನ 19 ಪ್ರೋಟೀನುಗಳ ಸಂಕೇತವಿರುವ, ಕೊರೋನಾ ಕಾಲದ ಹೊಸ ಮಾದರಿಯ ಲಸಿಕೆಯನ್ನು ಗಿನಿಯಿಲಿಗಳಿಗೆ ಕೊಟ್ಟಾಗ ಕಚ್ಚಿದ ಜಾಗ ಬೇಗನೆ ಕೆಂಪೇರಿ ಉಣ್ಣಿಗಳು ಹೊಟ್ಟೆ ತುಂಬುವ ಮೊದಲೇ ಕಳಚಿಕೊಂಡವು. ಡುಬ್ಬದ ದನ ತಾನಾಗಿ ಮಾಡುವ ಕೆಲಸವನ್ನೇ ಪ್ರಯೋಗಶಾಲೆ ಇಂದು ಕಷ್ಟಪಟ್ಟು ಕಲಿಸುತ್ತಿದೆ.

ಕಾಡಿನ ಬಾಗಿಲು

ಹೀಗಿರಲು ಧರ್ಮಪುರಿ ಸೀಮೆಯಲ್ಲಿ ನಾಟಿ ದನಗಳ ಗತಿ ಏನು? 2017ರ ಜಲ್ಲಿಕಟ್ಟು ಚಳವಳಿಯ ಕಾಲದಲ್ಲಿ ತಮಿಳುನಾಡಿನಲ್ಲಿ ನಾಟಿ ತಳಿಯ ಪರವಾಗಿ ದೊಡ್ಡ ದನಿ ಎದ್ದಿತು. ಆದರೆ ಆಲಂಬಾಡಿ, ಬರಗೂರು ದನಗಳಿಗೆ ಬೇಕಾದದ್ದು ಮೇಯುವ ನೆಲ. 2022ರ ಮಾರ್ಚ್‌ನಲ್ಲಿ ಮದರಾಸು ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ಮೊದಲು ರಾಜ್ಯದ ಎಲ್ಲ ಕಾಡುಗಳಿಗೂ ಅನ್ವಯಿಸುವಂತೆ ತಡೆದು, ಕೆಲವೇ ದಿನಗಳಲ್ಲಿ ಆ ತಡೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿಲೋಮೀಟರ್ ಕಾಡು ಕಾವೇರಿ ದಕ್ಷಿಣ ಅಭಯಾರಣ್ಯವಾಯಿತು. 2024ರ ಆರಂಭದಲ್ಲಿ ಬರಗೂರು ಬೆಟ್ಟದ ಕಾಡು ತಂದೈ ಪೆರಿಯಾರ್ ಅಭಯಾರಣ್ಯವೆಂದು ಘೋಷಣೆಯಾಯಿತು.

ಅರಣ್ಯ ಇಲಾಖೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಊರ ದನದಿಂದ ಕಾಡುಪ್ರಾಣಿಗೆ ರೋಗ ದಾಟಬಹುದು, ಹುಲ್ಲು ಬರಿದಾಗಬಹುದು. ಆದರೆ ಬರಗೂರು ದನ ಆ ಬೆಟ್ಟದಲ್ಲಿ ಮೇದೇ ಬರಗೂರು ದನವಾಯಿತು. ಅದನ್ನು ಹಟ್ಟಿಯಲ್ಲಿ ಕಟ್ಟಿ ಹಿಂಡಿ ಹಾಕಿ ಸಾಕಿದರೆ ಅದರ ಹಾಲಿನಿಂದ ಹಿಂಡಿಯ ಖರ್ಚೂ ಹುಟ್ಟದು, ರೈತ ಮಾರಿಬಿಡುತ್ತಾನೆ. 2006ರ ಅರಣ್ಯ ಹಕ್ಕು ಕಾನೂನು ಪರಂಪರೆಯಿಂದ ಕಾಡಿನಲ್ಲಿ ಬಾಳಿದವರ ಮೇಯಿಸುವ ಹಕ್ಕನ್ನು ಮಾನ್ಯ ಮಾಡಿದೆ. ಗಿರಿಜನರಲ್ಲದವರು ಮಾತ್ರ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಈ ಅರ್ಜಿ, ದಾಖಲೆಗಳ ವ್ಯವಹಾರವೆಲ್ಲ ತಮಿಳಿನಲ್ಲಿ ನಡೆಯುವಾಗ ಕನ್ನಡ ಮಾತ್ರ ಬಲ್ಲ ಮುದುಕರ ಹಕ್ಕು ಕಾಗದದಲ್ಲೇ ಉಳಿಯುವ ಭಯವಿದೆ. ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ ಎಂಬುದನ್ನು ಅಲ್ಲಿನ ಕನ್ನಡ ಸಂಘಗಳು ಜನರಿಗೆ ತಿಳಿಸಿಕೊಡಬೇಕು.

ಮಂಗನ ಕಾಯಿಲೆಯ ಎಚ್ಚರಿಕೆ

ಉಣ್ಣಿಯ ಮಾತು ಬಂದಾಗ ಮಂಗನ ಕಾಯಿಲೆಯನ್ನು ಬಿಡುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 1980ರ ದಶಕದ ಆರಂಭದಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ, ಗೇರುತೋಟಕ್ಕೆಂದು ಕಾಡು ಕಡಿದ ಮೇಲೆ, ಭೀಕರವಾಗಿ ಹಬ್ಬಿತು. 2015ರಲ್ಲಿ ವಯನಾಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಇಲ್ಲಿ ದನದ ಪಾತ್ರ ವಿಚಿತ್ರ. ವೈರಸ್ ಹೊಕ್ಕರೆ ದನದ ಶರೀರ ಪ್ರತಿಕಾಯ ಹುಟ್ಟಿಸಿ ಅದನ್ನು ಅಡಗಿಸುತ್ತದೆ. ದನಕ್ಕೆ ಕಾಯಿಲೆ ಇಲ್ಲ. ಆದರೆ ಬಲಿತ ಉಣ್ಣಿಗಳಿಗೆ ದನವೇ ಊಟದ ಎಲೆ. ಮನುಷ್ಯನಿಗೆ ಕೊಡುತ್ತಿದ್ದ ಹಳೆಯ ಲಸಿಕೆಯ ಎರಡು ಚುಚ್ಚುಗಳಿಂದ ದೊರೆತ ರಕ್ಷಣೆ 2005ರಿಂದ 2010ರವರೆಗಿನ ಪರಿಶೀಲನೆಯಲ್ಲಿ ಶೇಕಡಾ 62ರಷ್ಟೇ ಎಂದು ಕಂಡುಬಂತು. 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆ ಕೈಗೆ ಬರುವವರೆಗೆ ಕಾಡಂಚಿನವರಿಗೆ ಮೈಗೆ ಹಚ್ಚುವ ಎಣ್ಣೆ, ಮೈ ಮುಚ್ಚುವ ಬಟ್ಟೆ, ಸತ್ತ ಮಂಗ ಕಂಡೊಡನೆ ಸುದ್ದಿ ಕೊಡುವ ಎಚ್ಚರ, ಇಷ್ಟೇ ಆಧಾರ.

ಕಾಸರಗೋಡಿಗೆ ಸಂಬಂಧಪಟ್ಟ ಮಾತು

ಕೇರಳದಲ್ಲಿ 1961ರ ಜಾನುವಾರು ಕಾನೂನು ನಾಟಿ ಹೋರಿಗಳ ಬೀಜ ಒಡೆಸಿತು. 1963ರಲ್ಲಿ ಆರಂಭವಾದ ಭಾರತ–ಸ್ವಿಸ್ ಯೋಜನೆ ಸ್ವಿಸ್ ರಕ್ತ ತಂದಿತು. ಹಾಲು ಹೆಚ್ಚಿತು, ನಿಜ. ವೆಚ್ಚೂರು ದನ ಮಾತ್ರ ಅಳಿವಿನಂಚಿಗೆ ಹೋಯಿತು. 1989ರಲ್ಲಿ ಕೃಷಿ ವಿಶ್ವವಿದ್ಯಾಲಯದ ಡಾ. ಶೋಶಮ್ಮ ಐಪ್ ವಿದ್ಯಾರ್ಥಿಗಳೊಡನೆ ಊರೂರು ಅಲೆದು ಅದನ್ನು ಉಳಿಸಿದರು. ಅದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಾಸರಗೋಡು ಗಿಡ್ಡ ತಳಿ ಬಡವನ ಹಿತ್ತಿಲಲ್ಲಿ ಹೇಗೋ ಉಳಿದುಕೊಂಡಿತು. ಬದಿಯಡ್ಕದ ಬೇಳದಲ್ಲಿ ಅದಕ್ಕೊಂದು ಸರಕಾರಿ ಕ್ಷೇತ್ರವೂ ಉಂಟು. ಧರ್ಮಪುರಿಯ ಆಲಂಬಾಡಿಗೆ ಬಂದ ಗತಿ ಇದಕ್ಕೆ ಬಾರದಿರಬೇಕಾದರೆ ಕೆಲವು ಕೆಲಸಗಳು ಆಗಬೇಕು.

ತಳಿ ಅಭಿವೃದ್ಧಿಯ ಲೆಕ್ಕಪುಸ್ತಕದಲ್ಲಿ ಹಾಲಿನ ಕಲಮಿನ ಪಕ್ಕದಲ್ಲಿ ಉಣ್ಣಿಯ ಕಲಮೊಂದು ಸೇರಬೇಕು. ನಾಟಿ ಹೋರಿಯ ವೀರ್ಯ ಕೇಳಿದವರಿಗೆ ಪಶುವೈದ್ಯಶಾಲೆಯಲ್ಲಿ ಸಿಗಬೇಕು. ಮಿಶ್ರತಳಿ ಸಾಕುವವರಿಗೆ ವಿದೇಶಿ ರಕ್ತದ ಪಾಲು ಎಷ್ಟಿದ್ದರೆ ನಮ್ಮ ಹವೆಗೆ ಒಗ್ಗುತ್ತದೆಂದು ತಿಳಿಹೇಳಬೇಕು. ಉಣ್ಣಿ ಔಷಧಿಯ ಅಳತೆ, ಮತ್ತೆ ಸಿಂಪಡಿಸುವ ದಿನ, ಹಾಲು ಬಿಡಬೇಕಾದ ಅವಧಿ, ಇವನ್ನು ತಿಳಿಸುವ ಕರಪತ್ರ ಹೊಸೂರು, ತಾಳವಾಡಿಗಳಲ್ಲೂ ಮಂಜೇಶ್ವರ, ಕಾಸರಗೋಡುಗಳಲ್ಲೂ ಕನ್ನಡದಲ್ಲಿ ದೊರೆಯಬೇಕು. ಅಳತೆ ತಪ್ಪಿ ಬೆರೆಸಿದ ಔಷಧಿ ಉಣ್ಣಿಯನ್ನು ಬಿಟ್ಟು ದನವನ್ನು ಕೆಡಿಸೀತು. ಇದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ, ಹಟ್ಟಿಯ ಪ್ರಶ್ನೆ.

ಹೊಸ ಗಣತಿಯ ಪೂರ್ಣ ಅಂಕಿಗಳು ತಳಿವಾರು ಸಿಕ್ಕಾಗ ಆಲಂಬಾಡಿ, ಬರಗೂರು, ಕಾಸರಗೋಡು ಗಿಡ್ಡ, ಈ ಮೂರು ಹೆಸರುಗಳ ಮುಂದೆ ಎಷ್ಟು ಬರೆದಿದೆ ಎಂಬುದನ್ನು ನಮ್ಮ ಪ್ರತಿನಿಧಿಗಳೂ ಸಹಕಾರಿ ಸಂಘಗಳ ನಿರ್ದೇಶಕರೂ ಮೊದಲು ಓದಬೇಕು. ಸಂಬಂಧಪಟ್ಟವರು ಗಮನಿಸುವರೆಂದು ನಂಬೋಣ.